ಗೋಡೆಯ ಮೇಲೆ ನಡೆದ ಸಮರ

ಇತಿಹಾಸವೆಂದರೆ ಅರಸರ ಕಾಳಗಗಳ ಕಥೆಯೆಂಬ ಭಾವನೆ ನಮ್ಮಲ್ಲಿ ಇನ್ನೂ ಪೂರ್ತಿಯಾಗಿ ಅಳಿದಿಲ್ಲ. ಮಲೆನಾಡನ್ನು ದೀರ್ಘಕಾಲ ನಿಜವಾಗಿ ಆಳಿದವರು ಯಾರೆಂದು ಕೇಳಿದರೆ ನಾನು ಯಾವ ರಾಜವಂಶದ ಹೆಸರನ್ನೂ ಹೇಳಲಾರೆ, ಚಳಿಜ್ವರವೆನ್ನುತ್ತೇನೆ. ಪಾಳುಬಿದ್ದ ಗದ್ದೆಗಳು, ಮಕ್ಕಳ ಹೊಟ್ಟೆಯಲ್ಲಿ ಬೆಳೆದ ಜ್ವರಗಡ್ಡೆ, ಇವೇ ಆ ಆಳ್ವಿಕೆಯ ಶಾಸನಗಳು. ಅದನ್ನು ಎದುರಿಸಿದ ಒಬ್ಬ ಸರಕಾರಿ ಅಧಿಕಾರಿಯ ವಿಷಯವಾಗಿ ನಾಲ್ಕು ಮಾತು ಹೇಳಬಯಸುತ್ತೇನೆ.

ಡಾ. ಡಿ. ಕೆ. ವಿಶ್ವನಾಥನ್ ಅವರು ಮುಂಬಯಿ ಪ್ರಾಂತದಲ್ಲಿ ಮಲೇರಿಯಾ ನಿಯಂತ್ರಣದ ಹೊಣೆ ಹೊತ್ತಿದ್ದವರು. ಧಾರವಾಡ, ಉತ್ತರ ಕನ್ನಡ ಜಿಲ್ಲೆಗಳು ಆಗ ಆ ಪ್ರಾಂತಕ್ಕೆ ಸೇರಿದ್ದವು. 1946ರಲ್ಲಿ ಅವರೂ ಕೀಟವಿಜ್ಞಾನಿ ಟಿ. ರಾಮಚಂದ್ರ ರಾವ್ ಅವರೂ ಅಲ್ಲಿಯ ಹಳ್ಳಿಗಳಲ್ಲಿ ಮನೆಯೊಳಗಿನ ಗೋಡೆಗಳಿಗೆ ಡಿ.ಡಿ.ಟಿ. ಸಿಂಪಡಿಸುವ ಕಾರ್ಯವನ್ನು ಕೈಗೊಂಡರು. ನಿಂತ ನೀರಿಗೆ ಎಣ್ಣೆ ಹಾಕಿ ಸೊಳ್ಳೆಮರಿಗಳನ್ನು ಕೊಲ್ಲುವುದು ಹಳೆಯ ಕ್ರಮ. ಮಲೆನಾಡಿನ ಲೆಕ್ಕವಿಲ್ಲದ ಹಳ್ಳತೊರೆಗಳಿಗೆಲ್ಲ ಎಣ್ಣೆ ಹಾಕುವುದು ಆಗುವ ಮಾತೆ? ಹೊಸ ಕ್ರಮದ ತರ್ಕ ಬೇರೆ. ರಕ್ತ ಹೀರಿದ ಸೊಳ್ಳೆ ಗೋಡೆಯ ಮೇಲೆ ವಿಶ್ರಮಿಸುತ್ತದೆ. ಆ ಗೋಡೆಯೇ ವಿಷವಾದರೆ, ರೋಗಾಣು ಒಡಲಲ್ಲಿ ಬಲಿಯುವ ಮೊದಲೇ ಸೊಳ್ಳೆ ಸಾಯುತ್ತದೆ.

ಆದರೆ ಗೋಡೆ ಸರಕಾರದ್ದಲ್ಲ, ಮನೆಯೊಡತಿಯದು. ಹಬ್ಬ ಬಂತೆಂದು ಅವಳು ಮಣ್ಣು ಸಾರಿಸಿದರೆ ಮದ್ದು ಮುಚ್ಚಿಹೋಗುತ್ತದೆ. ಆದುದರಿಂದ ಇದು ಮದ್ದು ಸಿಂಪಡಿಸುವ ಕೆಲಸದಷ್ಟೇ ಮನವೊಲಿಸುವ ಕೆಲಸವೂ ಆಗಿತ್ತು.

ಮನೆಗೋಡೆಯ ಈ ಸಮರ ಎರಡು ಜಿಲ್ಲೆಗಳ ಮಾತಾಗಿ ಉಳಿಯಲಿಲ್ಲ. 1949ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ತಂಡಗಳು ಬಂದಾಗ ಮೈಸೂರಿನ ಮಲೆನಾಡೂ ಅವುಗಳ ಪ್ರಾತ್ಯಕ್ಷಿಕೆಯ ಕ್ಷೇತ್ರವಾಯಿತು. 1953ರಲ್ಲಿ ಅಮೆರಿಕದ ನೆರವಿನೊಡನೆ ರಾಷ್ಟ್ರೀಯ ಕಾರ್ಯಕ್ರಮ ಮೊದಲಾಯಿತು. 1955ರಲ್ಲಿ ಮೆಕ್ಸಿಕೋ ನಗರದಲ್ಲಿ ನೆರೆದ ವಿಶ್ವ ಆರೋಗ್ಯ ಸಭೆಯು ಮಲೇರಿಯಾ ನಿರ್ಮೂಲನವನ್ನೇ ಗುರಿಯಾಗಿ ಅಂಗೀಕರಿಸಿತು. ಭಾರತ 1958ರಲ್ಲಿ ಆ ಹಾದಿಗೆ ಹೊರಳಿತು. ಅದೇ ವರ್ಷ ವಿಶ್ವನಾಥನ್ ಅವರ ಗ್ರಂಥ ಪ್ರಕಟವಾಯಿತು. ಅದರ ಇಂಗ್ಲಿಷ್ ಶೀರ್ಷಿಕೆ ಭಾರತದಲ್ಲಿ ಮಲೇರಿಯಾದ ಮೇಲಿನ ವಿಜಯವನ್ನು ಸಾರುವಂಥದು.

ವಿಜಯವೆಂಬ ಆ ಮಾತಿನ ಬಳಿ ನಾನು ತುಸು ನಿಲ್ಲುತ್ತೇನೆ. ಸ್ವಾತಂತ್ರ್ಯ ಬಂದಾಗ ದೇಶದಲ್ಲಿ ವರ್ಷಕ್ಕೆ ಸುಮಾರು 7.5 ಕೋಟಿ ಜನರಿಗೆ ಈ ಜ್ವರ ಬರುತ್ತಿತ್ತೆಂದೂ 8 ಲಕ್ಷ ಜನ ಸಾಯುತ್ತಿದ್ದರೆಂದೂ ಅಂದಾಜು. 1965ರ ವೇಳೆಗೆ ರೋಗಿಗಳ ಸಂಖ್ಯೆ ಸುಮಾರು 1 ಲಕ್ಷಕ್ಕೆ ಇಳಿಯಿತು. 1976ರಲ್ಲಿ ಅದು 64 ಲಕ್ಷವನ್ನು ದಾಟಿತು. ಸೊಳ್ಳೆ ವಿಷವನ್ನು ಜಯಿಸಿತ್ತು. ಮದ್ದಿನ ಪೂರೈಕೆ ಕುಂದಿತ್ತು. ಜ್ವರ ಬಂದವರನ್ನು ಹುಡುಕಿ ರಕ್ತ ಪರೀಕ್ಷಿಸುವ ಎಚ್ಚರ ಸಡಿಲಗೊಂಡಿತ್ತು.

ಹಾಗೆಂದು ಆ ಅಧಿಕಾರಿಯ ಶ್ರಮ ವ್ಯರ್ಥವಾಯಿತೆ? ನಾನು ಒಪ್ಪಲಾರೆ. ಬದುಕುಳಿದ ಮಕ್ಕಳು ಬೆಳೆದರು, ಗದ್ದೆ ಉತ್ತರು, ಸಂಸಾರ ಹೂಡಿದರು. ಆ ಲಾಭವನ್ನು ಮರಳಿ ಬಂದ ಜ್ವರ ಕಸಿದುಕೊಳ್ಳಲಾರದು. ಇಷ್ಟು ಮಾತ್ರ ನಿಜ: ರೋಗವನ್ನು ಗೆಲ್ಲುವುದು ಕೋಟೆಯನ್ನು ಗೆದ್ದಂತಲ್ಲ, ಬೇಸಾಯ ಮಾಡಿದಂತೆ. ಒಂದು ವರ್ಷ ಕಳೆ ಕೀಳುವುದನ್ನು ಬಿಟ್ಟರೂ ಹೊಲ ನಮ್ಮದಾಗಿ ಉಳಿಯುವುದಿಲ್ಲ.