ಆಬರ್ನ್‌ನ ಭಕ್ತರು ಯಾವ ಲೆಕ್ಕಕ್ಕೆ?

ಅಮೆರಿಕದ ಅಲಬಾಮಾ ರಾಜ್ಯದ ಆಬರ್ನ್ ಅಪ್ಪಟ ಕಾಲೇಜಿನೂರು. ಮೆಥಡಿಸ್ಟರು 1856ರಲ್ಲಿ ಸನ್ನದು ಪಡೆದ ಕಾಲೇಜು 1872ರಲ್ಲಿ ಸರ್ಕಾರದ ಕೈಸೇರಿ, ಮುಂದೆ ಆಬರ್ನ್ ವಿಶ್ವವಿದ್ಯಾಲಯವಾಯಿತು. 2020ರ ಜನಗಣತಿಯಂತೆ ಊರಿನ ಜನಸಂಖ್ಯೆ 76,143; ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಆಗ ಸುಮಾರು 30,000. ಇಲ್ಲಿ ಬ್ಯಾಪ್ಟಿಸ್ಟರದೇ ಮೇಲುಗೈ, ಕಪ್ಪು ಜನರ ಮತ್ತು ಬಿಳಿಯರ ಚರ್ಚುಗಳು ಬಹುಮಟ್ಟಿಗೆ ಬೇರೆಬೇರೆ ಎಂಬುದರ ಬಗ್ಗೆ ತಕರಾರಿಲ್ಲ.

ತಕರಾರಿರುವುದು ಇನ್ನೊಂದು ಮಾತಿನಲ್ಲಿ. ಕಾಲೇಜಿನೂರಿನಲ್ಲಿ ಚರ್ಚಿನ ಸದಸ್ಯರ ಪ್ರಮಾಣ ಕಡಿಮೆ ಕಂಡರೆ, ವಿದ್ಯೆ ಬಂದಲ್ಲಿ ಭಕ್ತಿ ತಗ್ಗಿತು ಎಂದು ವಿವರಿಸುವುದು ರೂಢಿ. ಆದರೆ ಈ ಪ್ರಮಾಣದ ಅಂಶ, ಅಂದರೆ ಭಕ್ತರ ಸಂಖ್ಯೆ, ಒಂದು ಕಡೆಯಿಂದ ಬರುತ್ತದೆ; ಛೇದ, ಅಂದರೆ ಒಟ್ಟು ಜನಸಂಖ್ಯೆ, ಇನ್ನೊಂದು ಕಡೆಯಿಂದ, ಜನಗಣತಿಯಿಂದ. ಧರ್ಮ ಹೇಳಲೇಬೇಕೆಂದು ಜನಗಣತಿಯವರು ಯಾರನ್ನೂ ಒತ್ತಾಯಿಸುವಂತಿಲ್ಲ. 1976ರ ಕಾಯ್ದೆ ಅದನ್ನು ತಡೆದಿದೆ. ಹಾಗಾಗಿ ಅನುಯಾಯಿಗಳ ಲೆಕ್ಕವನ್ನು ಪಂಗಡಗಳೇ ಕೊಡಬೇಕು, ಅದೂ ಕೌಂಟಿವಾರು. ಆಬರ್ನ್‌ನ ಲೆಕ್ಕ ಪಕ್ಕದ ಓಪೆಲೈಕಾದ ಜೊತೆ ಲೀ ಕೌಂಟಿಯ ಒಂದೇ ಸಾಲಿನಲ್ಲಿ ಬೆರೆತುಹೋಗುತ್ತದೆ.

ಛೇದದ ಕಥೆ ಇನ್ನೂ ಸ್ವಾರಸ್ಯದ್ದು. 1940ರವರೆಗೆ ವಿದ್ಯಾರ್ಥಿಗಳನ್ನು ಸಾಮಾನ್ಯವಾಗಿ ತಂದೆತಾಯಿಯರ ಮನೆಯಲ್ಲಿ ಎಣಿಸುತ್ತಿದ್ದರು. 1950ರಿಂದ ಓದುವ ಊರಿನಲ್ಲಿ. ಆಬರ್ನ್ 4,652ರಿಂದ ಒಮ್ಮೆಲೇ 12,939ಕ್ಕೆ ಜಿಗಿಯಿತು. ಎರಡನೇ ಮಹಾಯುದ್ಧ ಮುಗಿಸಿ ಬಂದ ಸೈನಿಕರು ಸರ್ಕಾರದ ನೆರವಿನಿಂದ ಕಾಲೇಜು ಸೇರಿದ್ದೂ ಇದಕ್ಕೆ ಕಾರಣ, ನಿಜ. ಆದರೂ ನಿಯಮ ಬದಲಾದದ್ದನ್ನು ಮರೆತು ಈ ಏರಿಕೆಯನ್ನು ಅಳೆಯಲಾಗದು.

ಅದೇ ರಾಜ್ಯದ ಬರ್ಮಿಂಗ್‌ಹ್ಯಾಮ್‌ನಿಂದ ಓದಲು ಬಂದ ಹುಡುಗಿಯ ತಲೆ ಲೀ ಕೌಂಟಿಯ ಲೆಕ್ಕಕ್ಕೆ ಸೇರುತ್ತದೆ. ಅವಳ ಹೆಸರು ಮಾತ್ರ ತವರೂರಿನ ಚರ್ಚಿನ ಪುಸ್ತಕದಲ್ಲೇ ಉಳಿದಿರಬಹುದು. ಹಾಗಿದ್ದರೆ, ಇಂಥ ಊರುಗಳ ಅಧಾರ್ಮಿಕತೆಯ ಒಂದು ಪಾಲು ಬರೀ ಎಣಿಕೆಯ ಸೃಷ್ಟಿ. ಒಂದು ಪಾಲು ಎಂದಷ್ಟೇ ಹೇಳಬಹುದು: ತಪ್ಪದೆ ಬರುವ ಸದಸ್ಯೇತರರನ್ನೂ ಕೆಲವು ಪಂಗಡಗಳು ಅಂದಾಜಿನಲ್ಲಿ ಸೇರಿಸುತ್ತವೆ, ಮಾರ್ಮನರ ದಾಖಲೆಯಂತೂ ಸದಸ್ಯರ ಬೆನ್ನಿಗೇ ಹೊಸ ಊರಿಗೆ ಬರುತ್ತದೆ.

2023ರ ಸೆಪ್ಟೆಂಬರ್‌ನ ಒಂದು ಘಟನೆ ಈ ವಾದಕ್ಕೆ ಒತ್ತು ಕೊಡುತ್ತದೆ. ಕ್ಯಾಂಪಸ್ಸಿನ ಕ್ರೀಡಾಂಗಣದಲ್ಲಿ ಸಾವಿರಾರು ವಿದ್ಯಾರ್ಥಿಗಳು ಪ್ರಾರ್ಥನೆಗೆ ಕೂಡಿದ್ದರು. ಸಭೆ ಮುಗಿದ ಮೇಲೆ ಅದೇ ರಾತ್ರಿ ಸುಮಾರು 200 ಮಂದಿ ಹತ್ತಿರದ ಕೆರೆಯ ನೀರಿಗಿಳಿದು ದೀಕ್ಷಾಸ್ನಾನ ಪಡೆದರು. ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ಇದು ಸಲ್ಲದೆಂದು ಆಕ್ಷೇಪವೂ ಬಂತು. ಕೆರೆಗೆ ಸದಸ್ಯರ ಪುಸ್ತಕವಿಲ್ಲ. ಇಂಥ ದೀಕ್ಷೆ ಕೌಂಟಿಯ ಪಟ್ಟಿಗೆ ತಾನಾಗಿ ಏರುವುದೂ ಇಲ್ಲ.

ತಪ್ಪು ಎದುರು ದಿಕ್ಕಿಗೂ ವಾಲಬಹುದು. ಪದವಿ ಮುಗಿಸಿ ಹೋದವರ ಹೆಸರನ್ನು ಸ್ಥಳೀಯ ಚರ್ಚುಗಳು ಹೊಡೆದುಹಾಕದಿದ್ದರೆ ಅಂಶವೂ ಉಬ್ಬೀತು. ಎರಡೂ ಊರುಗಳ ಪುಸ್ತಕದಲ್ಲಿ ಹೆಸರಿರುವವರು ಎಷ್ಟು, ಎಲ್ಲಿಯೂ ಇಲ್ಲದವರು ಎಷ್ಟು ಎಂಬುದನ್ನು ಇತ್ಯರ್ಥಪಡಿಸಲು ಆಬರ್ನ್‌ನ ಕಡತಗಳಷ್ಟೇ ಸಾಲವು, ತವರೂರುಗಳ ಚರ್ಚಿನ ಪುಸ್ತಕಗಳನ್ನೂ ತೆರೆಯಬೇಕಾಗುತ್ತದೆ.