ಕಚೇರಿ ಗೋಡೆಯ ಬಣ್ಣ

ಕುಳಿತು ಓದುವ, ಬರೆಯುವ, ಲೆಕ್ಕ ನೋಡುವ ಕೋಣೆಯ ಒಳಗೋಡೆಗೆ ಬಳಿಯುವ ಲೇಪ. ಬೆಳಕು, ಧೂಳು, ತೇವ ಈ ಮೂರನ್ನು ನೋಡಿ ಇದನ್ನು ಆರಿಸಬೇಕು. ಬಳ್ಳಾರಿ ನಗರ, ಕುರುಗೋಡು, ಸಿರುಗುಪ್ಪ ತಾಲೂಕಿನ ಕರೂರು ಹೋಬಳಿಗಳಂಥ ಬಿಸಿಲುಸೀಮೆಯಲ್ಲಿ ಈ ಮೂರೂ ಜೋರು. ಅಂಗಡಿಯ ಶೇಡ್ ಕಾರ್ಡಿನಲ್ಲಿ ಇವುಗಳ ಸುಳಿವು ಇರುವುದಿಲ್ಲ.

ಈ ಭಾಗದ ಹಳೆಯ ಮಾಳಿಗೆ ಮನೆಗಳಲ್ಲಿ ಗೋಡೆ ದಪ್ಪ, ಕಿಟಕಿ ಕಡಿಮೆ. ಬೆಳಕು ಬರುತ್ತಿದ್ದದ್ದು ಮೇಲಿನ ಗವಾಕ್ಷಿಯಿಂದ. ಆ ಒಂದು ಕಿಂಡಿಯ ಬೆಳಕನ್ನು ಮೂಲೆಮೂಲೆಗೆ ಹಂಚುತ್ತಿದ್ದದ್ದು ಸುಣ್ಣ. ಸುಣ್ಣದ ಕಲ್ಲನ್ನು ನೀರಲ್ಲಿ ಅರಳಿಸಿ, ಸೋಸಿ, ಅಂಟು ಸೇರಿಸಿ, ಹಳದಿ ಛಾಯೆ ಕಾಣದಿರಲೆಂದು ಚಿಟಿಕೆ ನೀಲಿ ಹಾಕುತ್ತಿದ್ದರು. ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ಅದು ಮತ್ತೆ ಕಲ್ಲಿನಂತೆ ಗಟ್ಟಿಯಾಗುತ್ತದೆ. ಗೋಡೆಯ ಬುಡಕ್ಕೆ ಕೆಮ್ಮಣ್ಣಿನ ಪಟ್ಟಿ ಎಳೆದರೆ ಕಾಲಧೂಳು, ನೀರಿನ ಸಿಡಿತ ಎರಡೂ ಮರೆಯಾಗುತ್ತಿದ್ದವು. ಸರ್ಕಾರಿ ಕಚೇರಿಗಳಲ್ಲಿ ಇಂದಿಗೂ ಕಾಣುವ, ಕೆಳಗೆ ಕಡುಬಣ್ಣದ ಆಯಿಲ್ ಪೇಂಟು, ಮೇಲೆ ತಿಳಿ ಡಿಸ್ಟೆಂಪರು ಎಂಬ ಎರಡು ಬಣ್ಣದ ಗೋಡೆಯಲ್ಲಿ ಆ ಪಟ್ಟಿಯ ಬುದ್ಧಿಯೇ ಇದೆ. ನೋಡಲು ಬೇಸರವೆಂದು ಅದನ್ನು ಹಳಿಯುವವರುಂಟು. ಆದರೆ ಸರತಿಯಲ್ಲಿ ನಿಂತವರ ಬೆನ್ನು, ಕೈ, ಚೀಲ ತಾಗುವ ಎತ್ತರಕ್ಕೆ ತೊಳೆಯಬಹುದಾದ ಬಣ್ಣ ಬಳಿಯುವುದಕ್ಕಿಂತ ಜಾಣತನ ಬೇರೆ ಕಾಣೆ.

ಬಣ್ಣದ ತಯಾರಿಕೆಯಲ್ಲಿ ಕರ್ನಾಟಕಕ್ಕೆ ತನ್ನದೇ ಹೆಸರುಂಟು. 1937ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಮೈಸೂರಿನಲ್ಲಿ ಆರಂಭವಾದ ಅರಗು ಮತ್ತು ಬಣ್ಣದ ಕಾರ್ಖಾನೆ ಇಂದಿನ ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್. 1962ರಿಂದ ಮತದಾರರ ಬೆರಳಿಗೆ ಹಚ್ಚುವ ಅಳಿಸಲಾಗದ ಶಾಯಿಯಿಂದಾಗಿ ಅದು ದೇಶಕ್ಕೆಲ್ಲ ಗೊತ್ತು.

ಗೋಡೆ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಎಷ್ಟನ್ನು ಹಿಂತಿರುಗಿಸುತ್ತದೆ ಎಂಬುದು ಆಯ್ಕೆಯ ಮೊದಲ ಅಳತೆ. ಒಳ್ಳೆಯ ಬಿಳುಪು ಸುಮಾರು ಶೇ. 80ರಷ್ಟನ್ನು, ಕೆನೆಬಣ್ಣ ಶೇ. 70ರ ಆಸುಪಾಸನ್ನು ಹಿಂತಿರುಗಿಸಿದರೆ, ಕಡು ಕೆಂಪು ಶೇ. 10–15ರಲ್ಲೇ ನಿಲ್ಲುತ್ತದೆ. ಯುರೋಪಿನ ಒಳಾಂಗಣ ಬೆಳಕಿನ ಮಾನದಂಡ 2011ರಲ್ಲಿ ಸೂಚಿಸಿದ್ದು ಸೂರಿಗೆ ಶೇ. 70–90, ಗೋಡೆಗೆ ಶೇ. 50–80, ನೆಲಕ್ಕೆ ಶೇ. 20–40, ಓದುಬರಹದ ಮೇಜಿನ ಮೇಲೆ 500 ಲಕ್ಸ್ ಬೆಳಕು. ಕರೆಂಟು ಕೈಕೊಟ್ಟಾಗ ಕಿಟಕಿಯ ಬೆಳಕಲ್ಲೇ ಪಹಣಿ ಓದಬೇಕಾದ ಹೋಬಳಿ ಕಚೇರಿಗೆ ಈ ಅಂಕಿಗಳು ಇನ್ನೂ ಹೆಚ್ಚು ಅನ್ವಯಿಸುತ್ತವೆ. ಹಾಗೆಂದು ಹೊಳಪಿನ ಬಿಳುಪು ಬೇಡ. ಪಡುವಣ ಕಿಟಕಿಯ ಮಧ್ಯಾಹ್ನದ ಬಿಸಿಲು ಅದಕ್ಕೆ ಬಡಿದು ಕಣ್ಣಿಗೂ ಕಂಪ್ಯೂಟರ್ ಪರದೆಗೂ ರಾಚುತ್ತದೆ. ಹೊಳಪಿಲ್ಲದ ಮ್ಯಾಟ್ ಲೇಪದ ಕೆನೆ, ತಿಳಿ ಬೂದು, ಮಾಸಲು ಹಸಿರು ಅಲ್ಲಿಗೆ ಒಗ್ಗುತ್ತವೆ. ನೀಲಿ ಬಳಿದರೆ ಕೋಣೆ ತಂಪಾಗುತ್ತದೆ ಎಂಬ ಮಾತಿದೆ. ತಂಪು ಕಣ್ಣಿಗಷ್ಟೇ, ಬಿಸಿ ಇಳಿಸಬೇಕಾದರೆ ಬಿಳುಪು ಬಳಿಯಬೇಕಾದದ್ದು ಮಾಳಿಗೆಯ ಮೇಲೆ, ಪಡುವಣ ಗೋಡೆಯ ಹೊರಮೈಗೆ.

ಧೂಳಿನ ಲೆಕ್ಕ ಬೇರೆ. ಸಿರುಗುಪ್ಪದ ಅಕ್ಕಿ ಗಿರಣಿಯ ಹೊಟ್ಟಿನ ಪುಡಿ, ಎರೆಮಣ್ಣಿನ ಕಪ್ಪು ಧೂಳು, ಸಂಡೂರು ಕಡೆಯ ಅದಿರಿನ ಕೆಂಪು ಧೂಳು ಒಂದೊಂದೂ ಒಂದೊಂದು ಬಗೆಯಾಗಿ ಕೂರುತ್ತವೆ. ಅಚ್ಚ ಬಿಳುಪು ಮೂರನ್ನೂ ತೋರಿಸುತ್ತದೆ. ಗಿರಣಿಯ ಗುಮಾಸ್ತರ ಕೋಣೆಗೆ ಗೋಧಿಬಣ್ಣ, ಅದಿರು ಲಾರಿ ಓಡಾಡುವ ರಸ್ತೆಯ ಕಚೇರಿಗೆ ಕೆಂಪಿನ ಸುಳಿವಿರುವ ಬಿಸ್ಕತ್ತು ಬಣ್ಣ ಹೆಚ್ಚು ದಿನ ಮುಖ ಉಳಿಸಿಕೊಳ್ಳುತ್ತವೆ. ಬಳ್ಳಾರಿಯ ಜೀನ್ಸ್ ಘಟಕಗಳಲ್ಲಿ ಡೆನಿಮ್ಮಿನ ನೀಲಿಯನ್ನು ತುಂಡಿಗೆ ತುಂಡು ಹೊಂದಿಸಿ ನೋಡುವ ಕೋಣೆಗೆ ಮಾತ್ರ ಬೂದು ಬಿಟ್ಟು ಬೇರೆ ಸಲ್ಲದು. ಹಳದಿ ಗೋಡೆಯ ಮುಂದೆ ಹಿಡಿದ ನೀಲಿ, ಇದ್ದದ್ದಕ್ಕಿಂತ ಗಾಢವಾಗಿ ಕಂಡು ಕಣ್ಣನ್ನು ಯಾಮಾರಿಸುತ್ತದೆ.

ಬಣ್ಣ ಮನಸ್ಸಿಗೆ ಏನು ಮಾಡುತ್ತದೆ ಎಂಬ ಬಗ್ಗೆ ಗೊತ್ತಿರುವುದಕ್ಕಿಂತ ಹೇಳುವುದು ಹೆಚ್ಚು. ಟೆಕ್ಸಾಸ್ ವಿಶ್ವವಿದ್ಯಾಲಯದ ನ್ಯಾನ್ಸಿ ಕ್ವಾಲೆಕ್ ಮತ್ತು ಸಂಗಡಿಗರು 1996ರಲ್ಲಿ ಒಂಬತ್ತು ಬಣ್ಣದ ಕಚೇರಿಗಳಲ್ಲಿ ಗುಮಾಸ್ತಿಕೆ ಮಾಡಿಸಿ ನೋಡಿದರು. ಜನ ಇಷ್ಟಪಟ್ಟದ್ದು ಬಿಳುಪು ಮತ್ತು ಬೀಜ್. ಆದರೆ ನೀಲಿ, ಕೆಂಪು ಕೋಣೆಗಳವರಿಗಿಂತ ಬಿಳಿ ಕೋಣೆಯವರ ತಪ್ಪೇ ಹೆಚ್ಚು. ಕೆಂಪು ಎಚ್ಚರ ಹೆಚ್ಚಿಸುತ್ತದೆ, ನೀಲಿ ಹೊಸತನ ತರುತ್ತದೆ ಎಂದು 2009ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬಂದ ಮೆಹ್ತಾ ಮತ್ತು ಜೂ ಅವರ ಪ್ರಬಂಧವನ್ನು ಎಲ್ಲೆಡೆ ಉಲ್ಲೇಖಿಸುತ್ತಾರೆ. ಅಲ್ಲಿ ಬಣ್ಣವಿದ್ದದ್ದು ಬಹುಮಟ್ಟಿಗೆ ಕಂಪ್ಯೂಟರ್ ಪರದೆಯ ಹಿನ್ನೆಲೆಗೆ, ಗೋಡೆಗಲ್ಲ. ವಾಸ್ತು ನೋಡಿ ದಿಕ್ಕಿಗೊಂದು ಬಣ್ಣ ಹೇಳುವವರೂ ಇದ್ದಾರೆ; ತಿಳಿ ಛಾಯೆಯನ್ನೇ ಆರಿಸಿದರೆ ಅವರ ಮಾತೂ ಉಳಿಯುತ್ತದೆ, ಬೆಳಕೂ ಉಳಿಯುತ್ತದೆ.

ಕಾಲುವೆ ನೀರಾವರಿಯ ಊರುಗಳಲ್ಲಿ ಗೋಡೆಯ ಬುಡದ ತೇವ ದೊಡ್ಡ ತಲೆನೋವು. ನೆಲದ ನೀರು ಇಟ್ಟಿಗೆಯಲ್ಲಿ ಮೇಲೇರಿ, ಆರುವಾಗ ಉಪ್ಪನ್ನು ಹೊರಗೆ ಬಿಡುತ್ತದೆ. ಬಣ್ಣ ಗುಳ್ಳೆಯೆದ್ದು ಹಪ್ಪಳದಂತೆ ಉದುರುತ್ತದೆ. ಇಂಥ ಗೋಡೆಗೆ ಉಸಿರಾಡಲು ಬಿಡುವ ಸುಣ್ಣವೇ ವಾಸಿ. ತೇವದ ಮೂಲ ಸರಿಮಾಡದೆ ಪುಟ್ಟಿ ಹಾಕಿ ಎಮಲ್ಷನ್ ಬಳಿದರೆ ದುಡ್ಡು ದಂಡ. ಹಳೆಯ ಸುಣ್ಣದ ಪದರ ಕೆರೆಯದೆ ಮೇಲೆ ಎಮಲ್ಷನ್ ಬಳಿದರೂ ಗತಿ ಅದೇ. ಹಳೆಯ ಆಯಿಲ್ ಪೇಂಟನ್ನು ಒಣಗಿದಂತೆಯೇ ಉಜ್ಜಬಾರದು, ನೀರು ಹಾಕಿ ಉಜ್ಜಬೇಕು; ಹಳದಿ, ಕೆಂಪುಗಳಲ್ಲಿ ಸೀಸ ಇದ್ದಿರಬಹುದು. ಮನೆಬಳಕೆಯ ಮತ್ತು ಅಲಂಕಾರದ ಬಣ್ಣದಲ್ಲಿ ಸೀಸ ದಶಲಕ್ಷಕ್ಕೆ 90 ಭಾಗ ಮೀರಕೂಡದೆಂಬ ನಿಯಮ ಭಾರತದಲ್ಲಿ ಜಾರಿಯಾದದ್ದು 2017ರ ನವೆಂಬರ್‌ನಲ್ಲಿ.

ಕೊಳ್ಳುವ ಮುನ್ನ ಎರಡಡಿ ಚೌಕದ ಮಾದರಿಯನ್ನು ಅದೇ ಗೋಡೆಗೆ ಬಳಿದು ಬೆಳಿಗ್ಗೆ, ಮೂರು ಗಂಟೆಗೆ, ದೀಪ ಹಚ್ಚಿದ ಮೇಲೆ ಒಮ್ಮೆ ನೋಡುವುದು ಲೇಸು. ನೀಲಿಬಿಳುಪಿನ ಎಲ್‌ಇಡಿ ಕೆಳಗೆ ಕೆನೆಬಣ್ಣ ಹಸಿರಿಗೆ ತಿರುಗುವುದುಂಟು. 12×15 ಅಡಿಯ, 10 ಅಡಿ ಎತ್ತರದ ಕೋಣೆಯ ಗೋಡೆ 540 ಚದರಡಿ. ಬಾಗಿಲು ಕಿಟಕಿ ಕಳೆದು ಎರಡು ಪದರಕ್ಕೆ ಏಳು ಲೀಟರಿನ ಆಸುಪಾಸು ಎಮಲ್ಷನ್ ಬೇಕು. ಒಂದೇ ಸಲ ಬೆರೆಸಿ ತರಿಸಿಕೊಳ್ಳಬೇಕು. ಉಳಿದ ಅರ್ಧ ಲೀಟರಿನ ಡಬ್ಬಿಯ ಮುಚ್ಚಳದ ಮೇಲೆ ಶೇಡ್ ನಂಬರು, ಬಳಿದ ವರ್ಷ ಬರೆದು ಕಪಾಟಿನಲ್ಲಿಟ್ಟರೆ ಆಯುಧಪೂಜೆಯ ಕುಂಕುಮದ ಕಲೆ ಮುಚ್ಚಲು ಆಗುತ್ತದೆ.