ಬಳುವಳಿಯಾಗಿ ಹೋದ ಊರು, ಮದುಮಗಳಾಗಿ ಹೋದ ಕ್ಯಾಥರೀನ್

ಮುಂಬೈಯ ಶಾಲೆಗಳಲ್ಲಿ, ಕ್ವಿಜ್‌ಗಳಲ್ಲಿ, ನಮ್ಮ ಕನ್ನಡ ಸಂಘಗಳ ಹರಟೆಯಲ್ಲಿ ಒಂದು ಮಾತು ತಪ್ಪದೆ ಬರುತ್ತದೆ: ಪೋರ್ಚುಗೀಸರು ಈ ಊರನ್ನು ಇಂಗ್ಲೆಂಡಿನ ರಾಜನಿಗೆ ಬಳುವಳಿಯಾಗಿ ಕೊಟ್ಟರು. ಬಳುವಳಿ ಎಂದಮೇಲೆ ಮದುಮಗಳೊಬ್ಬಳು ಇರಬೇಕಲ್ಲ? ಅವಳು ಯಾರು, ಅವಳ ಗತಿ ಏನಾಯಿತು ಎಂದು ಕೇಳಿದರೆ ಮಾತು ಅಲ್ಲಿಗೇ ನಿಲ್ಲುತ್ತದೆ. ನಾನು ಕಾರವಾರದವಳು, ಮದುವೆಯಾಗಿ ಬಾಂದ್ರಾಕ್ಕೆ ಬಂದವಳು. ಅವಳ ಕಥೆಯ ಒಂದು ತುದಿ ನನ್ನ ತವರಿನ ಕಡಲಲ್ಲಿದೆ, ಇನ್ನೊಂದು ನನ್ನ ಮನೆಯ ಪಕ್ಕದ ಕೊಲ್ಲಿಯಲ್ಲಿದೆ. ಹಾಗಾಗಿ ಅವಳನ್ನು ಅಷ್ಟಕ್ಕೇ ಬಿಟ್ಟುಬಿಡಲು ನನ್ನಿಂದ ಆಗಿಲ್ಲ.

ಹೆಸರು ಕ್ಯಾಥರೀನ್, ಬ್ರಗಾಂಜಾ ಮನೆತನದವಳು. 1638ರ ನವೆಂಬರ್ 25ರಂದು ಪೋರ್ಚುಗಲ್ಲಿನ ವಿಲಾ ವಿಸೋಸಾದಲ್ಲಿ ಅವಳು ಹುಟ್ಟಿದಾಗ ಅಪ್ಪ ಇನ್ನೂ ಬರೀ ಡ್ಯೂಕ್. ಎರಡು ವರ್ಷದಲ್ಲಿ ಪೋರ್ಚುಗಲ್ ಸ್ಪೇನಿನ ನೊಗ ಕಿತ್ತೆಸೆದು ಅವನನ್ನೇ ದೊರೆ ಮಾಡಿತು. ಅವನು ತೀರಿಕೊಂಡ ಮೇಲೆ ರಾಜ್ಯದ ಭಾರ ಹೊತ್ತವಳು ತಾಯಿ ಲೂಯಿಸಾ. ನೆಲದ ಮೇಲೆ ಸ್ಪೇನಿನ ಯುದ್ಧ. ಏಷ್ಯಾದಲ್ಲಿ ಕೋಟೆಗಳನ್ನು ಒಂದೊಂದಾಗಿ ಕಸಿಯುತ್ತಿದ್ದ ಡಚ್ಚರು. ಬಲವಾದ ನೌಕಾಪಡೆಯಿದ್ದ ನೆಂಟನೊಬ್ಬ ಬೇಕಾಗಿದ್ದ, ಇಂಗ್ಲೆಂಡಿನ ಎರಡನೇ ಚಾರ್ಲ್ಸ್ ಸಿಕ್ಕಿದ. 1661ರ ಜೂನ್ 23ರಂದು ಒಪ್ಪಂದವಾಯಿತು: 20 ಲಕ್ಷ ಕ್ರುಜಾದೊ ಹಣ, ಆಫ್ರಿಕಾದ ಟಾಂಜಿಯರ್, ಹನ್ನೊಂದನೇ ಕಲಮಿನಲ್ಲಿ ಬೊಂಬಾಯಿಯ ಬಂದರು ಮತ್ತು ದ್ವೀಪ. ಬದಲಿಗೆ ಇಂಗ್ಲಿಷ್ ಸೈನಿಕರು, ಹಡಗುಗಳು. ಇಪ್ಪತ್ತೆರಡರ ಹುಡುಗಿಯನ್ನು ಯಾರು ಕೇಳುತ್ತಾರೆ? ದ್ವೀಪದ ಕೋಳಿ ಬೆಸ್ತರನ್ನೂ ತೆಂಗಿಗೆ ಹತ್ತುವ ಭಂಡಾರಿಗಳನ್ನೂ ಯಾರೂ ಕೇಳಲಿಲ್ಲ.

1662ರ ಮೇ ತಿಂಗಳಲ್ಲಿ ಅವಳು ಪೋರ್ಟ್ಸ್‌ಮತ್‌ನಲ್ಲಿ ಇಳಿದಳು. ಇಂಗ್ಲಿಷ್ ಬಾರದು, ಗಂಡ ಹೆಂಡಿರು ಸ್ಪ್ಯಾನಿಷಿನಲ್ಲಿ ಮಾತಾಡಿಕೊಂಡರು. 21ರಂದು ಎರಡು ಸಲ ಮದುವೆ: ಅವಳ ಕ್ಯಾಥೊಲಿಕ್ ವಿಧಿಯಂತೆ ಒಳಗೆ ಗುಟ್ಟಾಗಿ, ಇಂಗ್ಲಿಷರ ವಿಧಿಯಂತೆ ಹೊರಗೆ ಎಲ್ಲರೆದುರು. ಆ ಬೇಸಿಗೆಯಲ್ಲೇ ಹ್ಯಾಂಪ್ಟನ್ ಕೋರ್ಟ್ ಅರಮನೆಯಲ್ಲಿ ರಾಜ ತನ್ನ ಪ್ರೇಯಸಿ ಬಾರ್ಬರಾ ವಿಲಿಯರ್ಸಳನ್ನು ಕರೆತಂದು ರಾಣಿಗೆ ಪರಿಚಯಿಸಿದ. ಯಾರೆಂದು ತಿಳಿದದ್ದೇ ಮೂಗಿನಿಂದ ರಕ್ತ ಸುರಿದು ಕ್ಯಾಥರೀನ್ ಮೂರ್ಛೆ ಹೋದಳು. ಆ ಬಾರ್ಬರಾಳನ್ನೇ ನಿನ್ನ ಅಂತಃಪುರದ ಸಖಿಯಾಗಿ ಇಟ್ಟುಕೊ ಎಂದು ರಾಜ ಹಟ ಹಿಡಿದ. ತಿಂಗಳುಗಟ್ಟಲೆ ಒಪ್ಪದೆ ನಿಂತು ಕೊನೆಗೆ ಸೋತಳು. 1663ರ ಅಕ್ಟೋಬರಿನಲ್ಲಿ ಸಾಯುವಷ್ಟು ಜ್ವರ ಬಂದಾಗ ತನಗೆ ಮಕ್ಕಳು ಹುಟ್ಟಿವೆ ಎಂದು ಬಡಬಡಿಸುತ್ತಿದ್ದಳಂತೆ; ಆ ಸುದ್ದಿಯನ್ನು ಸ್ಯಾಮ್ಯುಯೆಲ್ ಪೀಪ್ಸ್ ತನ್ನ ದಿನಚರಿಯಲ್ಲಿ ಬರೆದಿಟ್ಟಿದ್ದಾನೆ. ಗರ್ಭ ಮತ್ತೆ ಮತ್ತೆ ಇಳಿಯಿತು. ಒಂದು ಮಗುವೂ ಉಳಿಯಲಿಲ್ಲ.

ಅದೇ ಹೊತ್ತಿಗೆ ನನ್ನ ತವರಿನ ಎದುರಿನ ಕಡಲಲ್ಲಿ ಅವಳ ಬಳುವಳಿ ಪಡೆಯಲು ಬಂದ ಗಂಡಸರು ಸಾಯುತ್ತಿದ್ದರು. ಸರ್ ಏಬ್ರಹಾಂ ಶಿಪ್‌ಮನ್ ಸುಮಾರು 400 ಸೈನಿಕರೊಂದಿಗೆ 1662ರ ಸೆಪ್ಟೆಂಬರಿನಲ್ಲಿ ಮುಂಬೈಯ ಮುಂದೆ ಲಂಗರು ಹಾಕಿದ್ದ. ಪೋರ್ಚುಗೀಸ್ ವೈಸ್‌ರಾಯ್ ಅಂತೋನಿಯೊ ದ ಮೆಲೊ ಎ ಕಾಸ್ತ್ರೊ ಕಾಗದಪತ್ರ ಸರಿಯಿಲ್ಲವೆಂದು ದ್ವೀಪ ಬಿಟ್ಟುಕೊಡಲಿಲ್ಲ. ಈ ಬಂದರು ಕೈತಪ್ಪಿದರೆ ಇಂಡಿಯಾವೇ ಕೈತಪ್ಪಿದಂತೆ ಎಂಬ ಸಂಕಟ ಅವನದು, ಅದು ಸುಳ್ಳಾಗಲೂ ಇಲ್ಲ. ಸೂರತ್ತಿನಲ್ಲಿದ್ದ ಈಸ್ಟ್ ಇಂಡಿಯಾ ಕಂಪನಿಯವರು ಮೊಘಲರ ಅಧಿಕಾರಿ ಮುನಿದಾನೆಂದು ಸೈನಿಕರನ್ನು ಇಳಿಸಿಕೊಳ್ಳಲಿಲ್ಲ. ಉಳಿದದ್ದು ಕಾರವಾರದ ಅಂಜುದೀವ. ಬಿಣಗಾದ ದಂಡೆಯಿಂದ ಚಿಕ್ಕಂದಿನಲ್ಲಿ ನಾನು ನೋಡುತ್ತಿದ್ದ ಆ ಹಸಿರು ಗುಡ್ಡ ಈಗ ನೌಕಾಪಡೆಯ ಕಾವಲಿನಲ್ಲಿದೆ. ನಮ್ಮ ಕಡೆಯ ಮಳೆಗಾಲ ಎಂಥದೆಂದು ಬಲ್ಲವರಿಗೆ ಹೇಳಬೇಕಿಲ್ಲ. ಸರಿಯಾದ ಸೂರು ಇಲ್ಲ, ಊಟ ಇಲ್ಲ, ಜ್ವರ, ಭೇದಿ. 1664ರಲ್ಲಿ ಶಿಪ್‌ಮನ್ ಅಲ್ಲೇ ಸತ್ತ. ನಾಲ್ವರಲ್ಲಿ ಮೂವರು ಆ ನಡುಗಡ್ಡೆ ಬಿಟ್ಟು ಬರಲೇ ಇಲ್ಲ. ಇಂಗ್ಲೆಂಡಿನ ಹಳ್ಳಿಗಳ ಆ ಹುಡುಗರಿಗೆ ರಾಣಿಯ ಮದುವೆಯಿಂದ ದಕ್ಕಿದ್ದು ಕಾರವಾರದ ಮಣ್ಣು.

ಬದುಕುಳಿದವರನ್ನು ಕರೆದುಕೊಂಡು ಶಿಪ್‌ಮನ್‌ನ ಕಾರ್ಯದರ್ಶಿ ಹಂಫ್ರಿ ಕುಕ್ ಮುಂಬೈಗೆ ಬಂದ. 1665ರ ಫೆಬ್ರವರಿ 18ರಂದು ದ್ವೀಪದ ಒಡತಿ ದೋನಾ ಇಗ್ನೆಜ್ ದ ಮಿರಾಂಡಾ ಎಂಬ ವಿಧವೆಯ ಮನೆಯಲ್ಲಿ ಹಸ್ತಾಂತರ ನಡೆಯಿತು. ಕುಕ್ ಮಣ್ಣು, ಕಲ್ಲು ಕೈಗೆತ್ತಿಕೊಂಡು, ಗೋಡೆ ಮುಟ್ಟಿ ದ್ವೀಪವನ್ನು ವಶಕ್ಕೆ ತೆಗೆದುಕೊಂಡ. ನೂರು ವರ್ಷ ಹಿಂದೆ ಈ ದ್ವೀಪವನ್ನು ಗೇಣಿಗೆ ಪಡೆದಿದ್ದವನು ನಮ್ಮ ನಾಡಿನ ಮದ್ದುಗಿಡಗಳ ಬಗ್ಗೆ ಗ್ರಂಥ ಬರೆದ ವೈದ್ಯ ಗಾರ್ಸಿಯಾ ದ ಓರ್ತಾ. ಹಸ್ತಾಂತರ ನಡೆದ ಆ ಮನೆಯ ಜಾಗ ಇಂದು ಏಷ್ಯಾಟಿಕ್ ಸೊಸೈಟಿಯ ಹಿಂಬದಿಯಲ್ಲಿ, ನೌಕಾಪಡೆಯ ಗೋಡೆಯೊಳಗಿದೆ.

ಒಪ್ಪಂದದಲ್ಲಿ ‘ಬೊಂಬಾಯಿ’ ಎಂದಿತ್ತೇ ಹೊರತು ಅದು ಎಲ್ಲಿಯವರೆಗೆ ಎಂದು ಗೆರೆ ಎಳೆದಿರಲಿಲ್ಲ. ಉತ್ತರದ ಮಾಹಿಮ್ ಅದಕ್ಕೆ ಸೇರಿದ್ದಲ್ಲ ಎಂದರು ಪೋರ್ಚುಗೀಸರು. ಕುಕ್ ಹೋಗಿ ಮಾಹಿಮನ್ನು ಹಿಡಿದುಕೊಂಡ. ಅಲ್ಲಿ, ಕೊಲ್ಲಿಯ ನೀರಿನಲ್ಲಿ, ಗಡಿ ನಿಂತಿತು. ಆಚೆಯ ಸಾಷ್ಟಿ ದ್ವೀಪ, ಅಂದರೆ ಬಾಂದ್ರಾ, ಕುರ್ಲಾ, ಅಂಧೇರಿ ಎಲ್ಲ, ಪೋರ್ಚುಗೀಸರದಾಗಿಯೇ ಉಳಿಯಿತು. 1739ರಲ್ಲಿ ಮರಾಠಾ ಸೇನಾನಿ ಚಿಮಾಜಿ ಅಪ್ಪಾ ಪೋರ್ಚುಗೀಸರ ವಸಾಯಿ ಕೋಟೆಯನ್ನು ಗೆಲ್ಲುವ ಹೊತ್ತಿಗೆ ಸಾಷ್ಟಿ ಮರಾಠರ ಕೈಸೇರಿತ್ತು; ಇಂಗ್ಲಿಷರು ಸಾಷ್ಟಿಯನ್ನು ಹಿಡಿದದ್ದು 1774ರಲ್ಲಿ. ನಡುವಿನ ನೀರಿಗೆ ಮಾಹಿಮ್ ಕಾಸ್‌ವೇ ಬಂದದ್ದಂತೂ 1845ರಲ್ಲಿ, ಸುಂಕ ವಸೂಲು ಮಾಡಕೂಡದೆಂಬ ಷರತ್ತಿನ ಮೇಲೆ ಲೇಡಿ ಜಮ್ಶೆಟ್‌ಜಿ ಕೊಟ್ಟ 1,57,000 ರೂಪಾಯಿಯಲ್ಲಿ. ಇಂದಿಗೂ ಮುಂಬೈ ನಗರ ಜಿಲ್ಲೆ ಆ ಕೊಲ್ಲಿಗೆ ಮುಗಿಯುತ್ತದೆ, ಉಪನಗರ ಜಿಲ್ಲೆ ಶುರುವಾಗುತ್ತದೆ. ನಮ್ಮ ಆಟೋರಿಕ್ಷಾ ಬಾಂದ್ರಾಕ್ಕೇ ನಿಂತುಬಿಡುತ್ತದೆ. ಮಾಟುಂಗಾದ ಮೈಸೂರು ಅಸೋಸಿಯೇಷನ್ನಿನ ನಾಟಕಕ್ಕೆ ಹೋಗಬೇಕಾದರೆ ನಾನು ಟ್ಯಾಕ್ಸಿ ಹಿಡಿಯಬೇಕು, ಇಲ್ಲವೇ ರೈಲು.

ಚಾರ್ಲ್ಸ್‌ಗೆ ಈ ದ್ವೀಪ ಖರ್ಚಿನ ಬಾಬತ್ತಾಗಿತ್ತು. 1668ರ ಮಾರ್ಚ್ 27ರಂದು ವರ್ಷಕ್ಕೆ 10 ಪೌಂಡ್ ಬಾಡಿಗೆಗೆ ಈಸ್ಟ್ ಇಂಡಿಯಾ ಕಂಪನಿಗೆ ಬರೆದುಕೊಟ್ಟ. ಊರನ್ನು ಬಿಟ್ಟುಕೊಟ್ಟವನು ಹೆಂಡತಿಯನ್ನು ಮಾತ್ರ ಬಿಡಲಿಲ್ಲ, ಇದನ್ನು ಅವನ ಪರವಾಗಿ ಹೇಳಲೇಬೇಕು. ಟ್ಯೂಡರ್ ವಂಶದ ಎಂಟನೇ ಹೆನ್ರಿ ಇನ್ನೊಬ್ಬ ಕ್ಯಾಥರೀನಳನ್ನು, ಸ್ಪೇನಿನಿಂದ ಬಂದ ಅರಾಗಾನಿನ ಕ್ಯಾಥರೀನಳನ್ನು, ಗಂಡುಮಗು ಉಳಿಯಲಿಲ್ಲವೆಂದು ಹೊರಗಟ್ಟಿದ ಅರಮನೆ ಅದು. ಇವಳಿಗೂ ವಿಚ್ಛೇದನ ಕೊಡು ಎಂದು ಚಾರ್ಲ್ಸ್‌ನ ಕಿವಿಯೂದಿದವರಿದ್ದರು. 1678ರಲ್ಲಿ ಟೈಟಸ್ ಓಟ್ಸ್ ಎಂಬವನು ರಾಜನಿಗೆ ವಿಷವಿಕ್ಕುವ ಸಂಚಿನಲ್ಲಿ ರಾಣಿಯೂ ಇದ್ದಾಳೆಂದು ಸುಳ್ಳು ದೂರು ಕೊಟ್ಟ. ಆಗ ರಾಜ ಅವಳ ಬೆನ್ನಿಗೆ ನಿಂತ. ಅವಳೂ ತನ್ನ ಧರ್ಮ ಬಿಡದೆ, ಮೂವತ್ತು ವರ್ಷ ಆ ಪರದೇಶದಲ್ಲಿ ಬಾಳಿದಳು. ಎಷ್ಟು ಗಟ್ಟಿ ಜೀವ ಎಂದು ನನಗೆ ಓದಿದಾಗಲೆಲ್ಲ ಅನಿಸುತ್ತದೆ.

1685ರಲ್ಲಿ ಗಂಡ ಸತ್ತ. 1692ರಲ್ಲಿ ಅವಳು ತಾಯ್ನಾಡಿಗೆ ಹೊರಟಳು. ತಮ್ಮ ಎರಡನೇ ಪೆದ್ರು ಆಗ ದೊರೆ. 1704ರಲ್ಲಿ ಅವನು ದಂಡಿಗೆ ಹೋದಾಗ, ಮರುವರ್ಷ ಕಾಯಿಲೆ ಬಿದ್ದಾಗ, ರಾಜ್ಯ ನಡೆಸಿದವಳು ಅಕ್ಕ ಕ್ಯಾಥರೀನ್, ತಾಯಿ ಕುಳಿತಿದ್ದ ಜಾಗದಲ್ಲೇ. ಮತ್ತೆ ಸ್ಪೇನಿನೊಂದಿಗೇ ಯುದ್ಧ. ಅವಳ ಆಳ್ವಿಕೆಯಲ್ಲಿ ಪೋರ್ಚುಗೀಸ್ ಸೇನೆ ಗಡಿಯ ಕೋಟೆಗಳನ್ನು ಗೆದ್ದುಕೊಂಡಿತು. 1705ರ ಡಿಸೆಂಬರ್ 31ರಂದು ಲಿಸ್ಬನ್ನಿನಲ್ಲಿ ತೀರಿಕೊಂಡಳು. ತನ್ನ ಬಳುವಳಿಯಾಗಿ ಹೋದ ಮುಂಬೈಯನ್ನು ಅವಳು ಒಂದು ದಿನವೂ ಆಳಲಿಲ್ಲ. ಆದರೆ ರಾಜ್ಯಭಾರ ನಡೆಸಿದ ಆ ತಿಂಗಳುಗಳಲ್ಲಿ ವಸಾಯಿಯ ಕೋಟೆ, ಕುರ್ಲಾದ ಗದ್ದೆಗಳು, ಬಾಂದ್ರಾದ 1575ರ ಸಂತ ಆಂಡ್ರ್ಯೂ ಇಗರ್ಜಿ, ಅವಳಪ್ಪ ಪಟ್ಟವೇರಿದ 1640ರಲ್ಲೇ ಕಟ್ಟಿದ ಬಾಂದ್ರಾದ ಕೋಟೆ, ಕೊಲ್ಲಿಯ ಈಚೆಗಿನ ನಮ್ಮ ಉಪನಗರಗಳೆಲ್ಲ, ಗೋವಾದ ವೈಸ್‌ರಾಯ್ ಮೂಲಕ ಅವಳ ಆಜ್ಞೆಯಡಿಯಲ್ಲಿದ್ದವು.